ಬಹುಮಾನವಿಲ್ಲದ ಒಂದು ಮಧ್ಯಾಹ್ನಕ್ಕಾಗಿ: ಕೊಡಗು ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಕೊಡಗಿನ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಹಾಗೂ ಎಲ್ಲ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರು ಮತ್ತು ಸದಸ್ಯರಿಗೆ,

ಮಾನ್ಯರೇ,

ಈ ಜಿಲ್ಲೆಯ ಪ್ರೌಢಶಾಲೆಗಳಲ್ಲಿ 29 ವರ್ಷ ಚಿತ್ರಕಲಾ ಶಿಕ್ಷಕಿಯಾಗಿ ದುಡಿದು ನಿವೃತ್ತಳಾಗಿ, ಈಗ ಸುಂಟಿಕೊಪ್ಪದ ಸಮೀಪ ನೆಲೆಸಿರುವ ನಾನು ತಮ್ಮ ಮುಂದೆ ಒಂದು ಬೇಡಿಕೆ ಇಡಲು ಈ ಪತ್ರ ಬರೆಯುತ್ತಿದ್ದೇನೆ. ಮಳೆಗಾಲದ ನಾಲ್ಕು ತಿಂಗಳು, ಪ್ರತಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯಿತಿ ಗ್ರಂಥಾಲಯದಲ್ಲಿ, ವಾರಕ್ಕೊಂದು ಮಧ್ಯಾಹ್ನ, ಊರಿನವರು ಯಾರು ಬೇಕಾದರೂ ಬಂದು ಚಿತ್ರ ಬರೆಯಲು, ಮಣ್ಣು ಕಲಸಲು, ಬುಟ್ಟಿ ಹೆಣೆಯಲು, ದುಡಿ ಎಂಬ ಸಣ್ಣ ಚರ್ಮವಾದ್ಯ ಬಾರಿಸಿ ಹಾಡಲು ಜಾಗ ಕೊಡಿ. ಅಲ್ಲಿ ಸ್ಪರ್ಧೆ ಇರಬಾರದು, ತೀರ್ಪುಗಾರರು ಇರಬಾರದು, ಪ್ರಮಾಣಪತ್ರವೂ ಬೇಡ. ಇಷ್ಟಕ್ಕೆ ಬಹಿರಂಗ ಪತ್ರವೇಕೆ, ಒಂದು ಅರ್ಜಿ ಕೊಟ್ಟಿದ್ದರೆ ಸಾಲದೇ ಎಂದು ತಮಗೆ ಅನ್ನಿಸಬಹುದು. ಅರ್ಜಿಯಲ್ಲಿ ಬೇಡಿಕೆಯನ್ನಷ್ಟೇ ಬರೆಯಬಹುದು. ಅದು ಎಲ್ಲಿ ಹುಟ್ಟಿತು ಎಂಬುದನ್ನು ಹೇಳಲು ನನಗೆ ಸ್ವಲ್ಪ ಹೆಚ್ಚು ಜಾಗ ಬೇಕಾಗಿದೆ.

2018ರ ಆಗಸ್ಟ್ ನಡುವಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದು ಸಾವಿರಾರು ಜನ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟರು. ಶಾಲೆಗಳಿಗೆ ರಜೆ ಇತ್ತು. ಒಂದು ಪರಿಹಾರ ಕೇಂದ್ರದಲ್ಲಿ ಮಕ್ಕಳು ಸುಮ್ಮನೆ ಕುಳಿತಿದ್ದಾರೆ, ಏನಾದರೂ ಮಾಡಿಸಿ ಎಂದು ಪರಿಚಯದವರೊಬ್ಬರು ಫೋನ್ ಮಾಡಿದಾಗ ಶಾಲೆಯ ಕಪಾಟಿನಲ್ಲಿ ಉಳಿದಿದ್ದ ಡ್ರಾಯಿಂಗ್ ಹಾಳೆಗಳನ್ನೂ ಕ್ರೇಯಾನ್ ಪೆಟ್ಟಿಗೆಗಳನ್ನೂ ಕಟ್ಟಿಕೊಂಡು ಹೋದೆ. ಮೊದಲ ಎರಡು ದಿನ ಮಕ್ಕಳೆಲ್ಲ ಬರೆದದ್ದು ನಮ್ಮ ಶಾಲೆಗಳಲ್ಲಿ ಎಲ್ಲ ಮಕ್ಕಳೂ ಬರೆಯುವ ಚಿತ್ರವನ್ನೇ: ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಹೊಳೆ, ಹೊಳೆಯ ದಡದಲ್ಲಿ ಮನೆ. ನಾಲ್ಕನೆಯ ದಿನ ಆರನೇ ತರಗತಿಯ ಹುಡುಗಿಯೊಬ್ಬಳು ಕಂದು ಬಣ್ಣದ ಕ್ರೇಯಾನನ್ನು ಮಗ್ಗುಲಾಗಿ ಹಿಡಿದು ಹಾಳೆಯ ಮೇಲಿನಿಂದ ಕೆಳಗಿನವರೆಗೆ ಉಜ್ಜಿದಳು. ಆ ಕಂದಿನ ನಡುವೆ ಸಿಲ್ವರ್ ಓಕ್ ಮರಗಳನ್ನು ನಿಂತ ಹಾಗೆಯೇ ಬರೆದಳು. "ಟೀಚರ್, ಮರ ಬೀಳಲಿಲ್ಲ, ನಿಂತುಕೊಂಡೇ ಬಂತು" ಎಂದಳು. ಕೇಂದ್ರಕ್ಕೆ ಬಂದ ಮೇಲೆ ಆ ಮಗು ಅಷ್ಟು ಉದ್ದದ ಮಾತು ಆಡಿದ್ದು ಅದೇ ಮೊದಲು ಎಂದು ಅವಳ ತಾಯಿ ಆಮೇಲೆ ನನಗೆ ತಿಳಿಸಿದರು.

ಅದೇ ಹಜಾರದ ಗೋಡೆಗೆ ಒರಗಿ ಅರವತ್ತರ ಹತ್ತಿರದ ಹಿರಿಯರೊಬ್ಬರು ದಿನವಿಡೀ ಕೂರುತ್ತಿದ್ದರು. ಮೂರು ಎಕರೆ ತೋಟ, ಮನೆ, ಕೊಟ್ಟಿಗೆ ಎಲ್ಲವೂ ಹೋಗಿತ್ತು. ಊಟಕ್ಕೆ ಕರೆದರೆ ಏಳುತ್ತಿದ್ದರು, ಇಲ್ಲದಿದ್ದರೆ ಇಲ್ಲ. ಒಂದು ದಿನ, "ಟೀಚರೇ, ನನಗೂ ಒಂದು ಹಾಳೆ ಕೊಡುತ್ತೀರಾ?" ಎಂದು ಕೇಳಿದರು. ಕೊಟ್ಟೆ. ಅವರು ಕುಸಿತವನ್ನು ಬರೆಯಲಿಲ್ಲ. ಕುಸಿಯುವುದಕ್ಕೆ ಮುಂಚಿನ ತಮ್ಮ ತೋಟವನ್ನು ಮೇಲಿನಿಂದ ನೋಡಿದ ಹಾಗೆ ಬರೆದರು. ಮನೆ, ಕಾಫಿ ಒಣಗಿಸುವ ಕಣ, ಬಾವಿ, ಗದ್ದೆಗೆ ಇಳಿಯುವ ದಾರಿ, ಎರಡು ಹಲಸಿನ ಮರ, ಯಾವ ಮರಕ್ಕೆ ಯಾವ ವರ್ಷ ಮೆಣಸಿನ ಬಳ್ಳಿ ಹಬ್ಬಿಸಿದ್ದು ಎಂಬುದರ ಗುರುತು ಎಲ್ಲವೂ ಅದರಲ್ಲಿತ್ತು. ಮೂರು ಗಂಟೆ ತಲೆ ಎತ್ತಲಿಲ್ಲ. ಮುಗಿದ ಮೇಲೆ ಆ ಹಾಳೆಯನ್ನು ಮಡಚಿ, ಪಹಣಿ ಮತ್ತು ರೇಷನ್ ಕಾರ್ಡ್ ಇಟ್ಟುಕೊಂಡಿದ್ದ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡರು. ಆ ರಾತ್ರಿ ಅವರು ಮಲಗಿ ನಿದ್ದೆ ಮಾಡಿದರು ಎಂದು ಪಕ್ಕದ ಚಾಪೆಯವರು ಹೇಳಿದರು.

ಚಿತ್ರ ಬರೆದದ್ದರಿಂದ ಅವರ ದುಃಖ ಹೋಯಿತು ಎಂದು ನಾನು ಹೇಳುತ್ತಿಲ್ಲ. ಹೋದ ತೋಟ ಹೋಯಿತು. ಆದರೆ ಏನೂ ಮಾಡಲಾಗದೆ ಕುಳಿತಿದ್ದ ಒಬ್ಬ ಮನುಷ್ಯ ಮೂರು ಗಂಟೆಯ ಕಾಲ ತನ್ನ ಕೈಯಿಂದ ಏನನ್ನೋ ಮಾಡುವವನಾದ. ಆ ವ್ಯತ್ಯಾಸ ಎಷ್ಟು ದೊಡ್ಡದೆಂಬುದು, ಅಷ್ಟು ವರ್ಷ ಚಿತ್ರಕಲೆ ಕಲಿಸಿದ್ದರೂ, ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಇದು ನನ್ನೊಬ್ಬಳ ಅನುಭವವಷ್ಟೇ ಅಲ್ಲವೆಂಬುದು ಆಮೇಲೆ ಓದಿ ತಿಳಿಯಿತು. ಏಡ್ರಿಯನ್ ಹಿಲ್ ಎಂಬ ಇಂಗ್ಲೆಂಡಿನ ಚಿತ್ರಕಾರ 1938ರಲ್ಲಿ ಕ್ಷಯರೋಗಕ್ಕೆ ಆರೋಗ್ಯಧಾಮ ಸೇರಿ, ಹಾಸಿಗೆಯಲ್ಲಿ ಕುಳಿತೇ ಚಿತ್ರ ಬರೆದು, ಅದರಿಂದ ತನಗಾದ ಉಪಕಾರವನ್ನು ಗಮನಿಸಿ ಅಲ್ಲಿದ್ದ ಇತರ ರೋಗಿಗಳಿಗೂ ಬರೆಯಲು ಕಲಿಸಿದವನು. ಆರ್ಟ್ ಥೆರಪಿ ಎಂಬ ಹೆಸರನ್ನು 1942ರಲ್ಲಿ ಬಳಕೆಗೆ ತಂದವನು ಅವನೇ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2019ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ರೋಗ ಬಾರದಂತೆ ತಡೆಯುವುದರಲ್ಲಿಯೂ ಬಂದ ರೋಗವನ್ನು ನಿಭಾಯಿಸುವುದರಲ್ಲಿಯೂ ಕಲೆಗೆ ಪಾತ್ರವಿದೆ ಎಂಬ ವರದಿ ಪ್ರಕಟಿಸಿತು. ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಅವರ ಸಂಗಡಿಗರು ನಡೆಸಿ 2016ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನ. 39 ಮಂದಿ ವಯಸ್ಕರಿಗೆ ಜೇಡಿಮಣ್ಣು, ಮಾರ್ಕರ್ ಪೆನ್ನು, ಅಂಟಿಸಲು ಕಾಗದ ಕೊಟ್ಟು 45 ನಿಮಿಷ ತಮಗೆ ತೋಚಿದ್ದನ್ನು ಮಾಡಲು ಬಿಟ್ಟರು. ಮೊದಲು ಮತ್ತು ಆಮೇಲೆ ಜೊಲ್ಲಿನ ಮಾದರಿ ತೆಗೆದು ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದಾಗ, ಸುಮಾರು ನಾಲ್ವರಲ್ಲಿ ಮೂವರಲ್ಲಿ ಅದು ಕಡಿಮೆಯಾಗಿತ್ತು. ಎಲ್ಲರಲ್ಲೂ ಇಳಿಯಲಿಲ್ಲ ಎಂಬುದನ್ನೂ, 39 ಜನರ ಮೇಲಿನ ಪರೀಕ್ಷೆಯಿಂದ ಊರಿಗೆಲ್ಲ ಅನ್ವಯಿಸುವ ಸಿದ್ಧಾಂತ ಕಟ್ಟಲಾಗದು ಎಂಬುದನ್ನೂ ನಾನು ಬಲ್ಲೆ. ಆದರೆ ಆ ಅಧ್ಯಯನದ ಇನ್ನೊಂದು ಮಾತು ಚಿತ್ರಕಲಾ ಶಿಕ್ಷಕಿಯಾದ ನನ್ನನ್ನು ಬಹಳ ದಿನ ಕಾಡಿತು: ಮೊದಲೇ ಚಿತ್ರ ಬರೆದು ಅಭ್ಯಾಸವಿದ್ದವರಿಗೂ ಇಲ್ಲದವರಿಗೂ ಫಲದಲ್ಲಿ ಅಂತರ ಕಾಣಲಿಲ್ಲ. ಅಂದರೆ ಈ ನೆಮ್ಮದಿ ಚೆನ್ನಾಗಿ ಬರೆಯಬಲ್ಲವರ ಸೊತ್ತಲ್ಲ.

ಹಾಗಿದ್ದ ಮೇಲೆ ನಾವು ಶಾಲೆಗಳಲ್ಲಿ ಮಾಡುತ್ತಿರುವುದೇನು? ಇದನ್ನು ಯಾರನ್ನೂ ದೂರಲು ಬರೆಯುತ್ತಿಲ್ಲ, ಏಕೆಂದರೆ ಇದರಲ್ಲಿ ನನ್ನ ಪಾಲೂ ಇದೆ. ಪ್ರತಿಭಾ ಕಾರಂಜಿಗೆ, ಲೋಯರ್ ಮತ್ತು ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳಿಗೆ, ಸ್ವಾತಂತ್ರ್ಯೋತ್ಸವದ ಸ್ಪರ್ಧೆಗಳಿಗೆ ವರ್ಷವರ್ಷವೂ ಮಕ್ಕಳನ್ನು ತಯಾರು ಮಾಡಿದವಳು ನಾನು. ತರಗತಿಯ ನಲವತ್ತು ಮಕ್ಕಳಲ್ಲಿ ಕೈ ಪಳಗಿದ ನಾಲ್ವರನ್ನು ಆರಿಸಿ ಮುಂದಿನ ಬೆಂಚಿಗೆ ಕರೆದಾಗ, ಉಳಿದ ಮೂವತ್ತಾರು ಮಕ್ಕಳು ತಮಗೆ ಚಿತ್ರ ಬರೆಯಲು ಬರುವುದಿಲ್ಲ ಎಂಬ ಪಾಠವನ್ನು ನನ್ನಿಂದಲೇ ಕಲಿತರು. ಪರಿಹಾರ ಕೇಂದ್ರದ ಆ ಹುಡುಗಿ ಮರುವರ್ಷ ಪರಿಸರದ ಕುರಿತ ಸ್ಪರ್ಧೆಯೊಂದರಲ್ಲಿ ಅದೇ ಕಂದು ಗುಡ್ಡವನ್ನು ಬರೆದಿದ್ದಳು. ತೀರ್ಪುಗಾರರೊಬ್ಬರು ಅವಳ ಹಾಳೆ ಎತ್ತಿ, ಕೊಡಗಿನ ಬೆಟ್ಟ ಹಸಿರಾಗಿರಬೇಕಲ್ಲವೇ ಎಂದು ಎಲ್ಲರ ಎದುರು ಕೇಳಿದರು. ಅವರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಅವಳು ಮಾತ್ರ ಆಮೇಲೆ ನನ್ನ ತರಗತಿಯಲ್ಲಿ ಎರಡು ಬೆಟ್ಟ, ನಡುವಿನ ಸೂರ್ಯನಿಗೆ ಹಿಂತಿರುಗಿದಳು. ನಾನು ಎಷ್ಟು ಪ್ರಯತ್ನಿಸಿದರೂ ಅಲ್ಲಿಂದ ಅವಳನ್ನು ಹೊರಗೆ ತರಲು ಆಗಲಿಲ್ಲ.

ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಎಂಬ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ಶಿಕಾಗೋದ ಕಲಾಶಾಲೆಯ ವಿದ್ಯಾರ್ಥಿಗಳನ್ನು ಗಮನಿಸುತ್ತಿದ್ದಾಗ ಒಂದು ವಿಚಿತ್ರವನ್ನು ಕಂಡರು: ಚಿತ್ರ ಬರೆಯುವಾಗ ಹಸಿವು, ದಣಿವು ಎರಡನ್ನೂ ಮರೆಯುತ್ತಿದ್ದ ಅವರು, ಚಿತ್ರ ಮುಗಿದೊಡನೆ ಅದನ್ನು ಗೋಡೆಗೆ ಒರಗಿಸಿ ಅದರತ್ತ ಆಸಕ್ತಿ ಕಳೆದುಕೊಳ್ಳುತ್ತಿದ್ದರು. ಸುಖ ಇದ್ದದ್ದು ಮಾಡುವುದರಲ್ಲಿ. ನಮ್ಮ ಭಾಷೆಯಲ್ಲಿ ಇದಕ್ಕೆ ಮೈಮರೆಯುವುದು ಎಂಬ ಮಾತು ಮೊದಲಿನಿಂದಲೂ ಇದೆ. ಬಹುಮಾನ ಕೊಡುವವರು ಬರುವುದು ಎಲ್ಲ ಮುಗಿದ ಮೇಲೆ. ಮೈಮರೆತ ಹೊತ್ತನ್ನು ಅವರು ನೋಡಿಯೇ ಇರುವುದಿಲ್ಲ.

ಈ ತಿಳಿವಳಿಕೆ ಕೊಡಗಿಗೆ ಹೊಸದಲ್ಲ. ಸುಗ್ಗಿಯ ಹಬ್ಬವಾದ ಪುತ್ತರಿಯ ದಿನಗಳಲ್ಲಿ ದುಡಿ ಹಿಡಿದು ಮನೆಮನೆಗೆ ಹೋಗಿ ಹಾಡುವ ನಾಲ್ವರು, ಆ ಮನೆಯ ಹಿರಿಯರ ಹೆಸರನ್ನು ಹಾಡಿನೊಳಗೆ ಸೇರಿಸಿ ಹರಸುವಾಗ, ಎದುರಿಗಿರುವವರು ಪ್ರೇಕ್ಷಕರಲ್ಲ, ಮನೆಯವರು. ದೀಪದ ಸುತ್ತ ಚವರಿ ಹಿಡಿದು ಬೊಳಕಾಟ್ ಆಡುವವರು ಮುಖ ಮಾಡುವುದು ದೀಪದ ಕಡೆಗೆ. ಕೊಡವ ಹೆಣ್ಣುಮಕ್ಕಳ ಕುಣಿತವಾದ ಉಮ್ಮತ್ತಾಟ್‌ಗೆ ಜೀವನ ಮುಡಿಪಾಗಿಟ್ಟ ರಾಣಿ ಮಾಚಯ್ಯ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಜಿಲ್ಲೆಯೆಲ್ಲ ಹೆಮ್ಮೆ ಪಟ್ಟಿತು. ಆ ಹೆಮ್ಮೆಗೆ ಕಾರಣವಾದ ಕಲೆ ಉಳಿದುಬಂದದ್ದು ಹೆಸರಿಲ್ಲದ ನೂರಾರು ಹೆಣ್ಣುಮಕ್ಕಳು ತಮ್ಮ ಊರುಗಳಲ್ಲಿ ತಾಳ ಹಿಡಿದು ಸುತ್ತಿದ್ದರಿಂದ. ಮೇ ತಿಂಗಳಲ್ಲಿ ದೇವರಪುರದ ಕಡೆ ನಡೆಯುವ ಕುಂಡೆ ಹಬ್ಬದಲ್ಲಿ ಜೇನು ಕುರುಬರೂ ಯರವರೂ ಬಿಸಾಡಿದ ಪ್ಲಾಸ್ಟಿಕ್ ಡಬ್ಬವನ್ನು ವಾದ್ಯ ಮಾಡಿ, ಸಿಕ್ಕಿದ್ದನ್ನೆಲ್ಲ ವೇಷ ಮಾಡಿ ಕುಣಿಯುವುದನ್ನು ನಾನು ನೋಡಿದ್ದೇನೆ. ವರ್ಷವಿಡೀ ಇನ್ನೊಬ್ಬರ ತೋಟದಲ್ಲಿ ದುಡಿಯುವವರಿಗೆ ಆ ದಿನ ಏನು ಕೊಡುತ್ತದೆ ಎಂಬುದನ್ನು ಅಳೆಯಲು ಯಾವ ಜೊಲ್ಲಿನ ಪರೀಕ್ಷೆಯೂ ಬೇಕಿಲ್ಲ. ಈಗ ಇವುಗಳಲ್ಲಿ ಹಲವು ಬರಬರುತ್ತಾ ಸಭಾ ಕಾರ್ಯಕ್ರಮಗಳ ನಡುವಿನ ಹತ್ತು ನಿಮಿಷಕ್ಕೆ, ರೆಸಾರ್ಟಿನ ಸಂಜೆಗೆ ಸೇರಿಕೊಂಡಿವೆ. ಅವುಗಳಿಂದ ಕಲಾವಿದರಿಗೆ ನಾಲ್ಕು ಕಾಸು ಸಿಗುವುದಾದರೆ ನನ್ನ ಆಕ್ಷೇಪವಿಲ್ಲ. ಆದರೆ ನೋಡುವವರಿಗಾಗಿ ಆಡುವುದೊಂದೇ ಉಳಿದರೆ, ತಮಗಾಗಿ ಆಡುವವರು ಇಲ್ಲವಾಗುತ್ತಾರೆ.

ನಮ್ಮ ಮಳೆಗಾಲ ಹೇಗಿರುತ್ತದೆ ಎಂಬುದು ತಮಗೆ ಗೊತ್ತು, ಆದರೆ ಜಿಲ್ಲೆಗೆ ಹೊಸದಾಗಿ ಬರುವ ಅಧಿಕಾರಿಗಳಿಗಾಗಿ ಒಂದೆರಡು ಮಾತು ಬರೆಯುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ಕೆಲಸ ಆಗಾಗ ನಿಲ್ಲುತ್ತದೆ. ಮರ ಬಿದ್ದು ಕರೆಂಟ್ ಹೋದರೆ ಕೆಲವು ಊರುಗಳಲ್ಲಿ ದಿನಗಟ್ಟಲೆ ಬರುವುದಿಲ್ಲ, ಅದರ ಹಿಂದೆಯೇ ಫೋನ್ ಕೂಡ ಸತ್ತುಹೋಗುತ್ತದೆ. ಮಕ್ಕಳು ಬೆಂಗಳೂರು, ಮೈಸೂರು ಸೇರಿದ ಮೇಲೆ ತೋಟದ ನಡುವಿನ ದೊಡ್ಡ ಮನೆಯಲ್ಲಿ ಒಬ್ಬರೋ ಇಬ್ಬರೋ ವೃದ್ಧರು ಹೊರಗಿನ ಸದ್ದು ಕೇಳುತ್ತಾ ಕೂರುತ್ತಾರೆ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಹತ್ತಡಿ ಕೋಣೆಯೊಳಗೆ ಒಂದಿಡೀ ಸಂಸಾರ. ಸಂಜೆಯಾದರೆ ಗಂಡಸರು ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಬರೆಯಬೇಕಾಗಿಲ್ಲ. 2018ರ ನಂತರ ಇವೆಲ್ಲದರ ಜೊತೆಗೆ ಇನ್ನೊಂದು ಸೇರಿದೆ: 2019ರಲ್ಲಿ ತೋರ ಗ್ರಾಮದ ಗುಡ್ಡ, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದದ್ದನ್ನು ಕಂಡ ಮೇಲೆ, ರಾತ್ರಿ ಜೋರು ಮಳೆ ಹಿಡಿದರೆ ಬೆಟ್ಟದ ಬದಿಯ ಮನೆಗಳಲ್ಲಿ ಯಾರೂ ಸರಿಯಾಗಿ ಮಲಗುವುದಿಲ್ಲ.

ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಸುವ ವ್ಯವಸ್ಥೆ ಇದೆ, 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿ ಸಿಗುತ್ತದೆ. ಇವು ಬೇಕು, ಇನ್ನೂ ಹೆಚ್ಚಬೇಕು. ಕಾಯಿಲೆಯಾದವರಿಗೆ ವೈದ್ಯರೇ ಬೇಕು, ಬಣ್ಣದ ಪೆಟ್ಟಿಗೆ ಔಷಧಿಯ ಜಾಗದಲ್ಲಿ ನಿಲ್ಲಲಾರದು. ಆದರೆ ಕಾಯಿಲೆ ಎನ್ನಲಾಗದ, ಆಸ್ಪತ್ರೆಗೆ ಹೋಗುವಷ್ಟು ಅಲ್ಲದ, ಒಳಗೊಳಗೇ ಮಂಕು ಕವಿದ ಸ್ಥಿತಿಯೊಂದು ಇರುತ್ತದೆ. ಅಂಥವರು ಕ್ಲಿನಿಕ್ಕಿನ ಬಾಗಿಲಿಗೆ ಬರುವುದಿಲ್ಲ, ಬುಟ್ಟಿ ಹೆಣೆಯುವುದನ್ನು ನೋಡಲು ಬರುತ್ತಾರೆ.

ಬರುತ್ತಾರೆ ಎಂದು ನಾನು ಊಹೆಯಿಂದ ಹೇಳುತ್ತಿಲ್ಲ. ನಿವೃತ್ತಿಯಾದ ಮೇಲೆ, ಕೊರೊನಾ ಕಾಲದ ನಿರ್ಬಂಧಗಳು ಮುಗಿದ ವರ್ಷದಿಂದ, ಪ್ರತಿ ಬುಧವಾರ ಮಧ್ಯಾಹ್ನ ನಮ್ಮ ಮನೆಯ ಜಗಲಿಯಲ್ಲಿ ಹಾಳೆ, ಬಣ್ಣ, ಮಣ್ಣು ಇಟ್ಟು ಕೂರುತ್ತೇನೆ. ಮೊದಲ ತಿಂಗಳು ಪಕ್ಕದ ಮನೆಯ ಇಬ್ಬರು ಮಕ್ಕಳು ಬಿಟ್ಟರೆ ಯಾರೂ ಬರಲಿಲ್ಲ. ಆಮೇಲೆ ಆ ಮಕ್ಕಳನ್ನು ಕರೆದೊಯ್ಯಲು ಬಂದ ಅಜ್ಜಿ ಕುಳಿತರು. ಈಗ ಹತ್ತು ಹನ್ನೆರಡು ಮಂದಿ ಸೇರುತ್ತೇವೆ. ನಮ್ಮೊಳಗೆ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ ಮಾತನಾಡುವವರಿದ್ದಾರೆ; ಅಸ್ಸಾಮಿನಿಂದ ಕಾಫಿ ಕೆಲಸಕ್ಕೆ ಬಂದು ಇಲ್ಲೇ ಉಳಿದ ಒಬ್ಬ ಹೆಣ್ಣುಮಗಳಿಗೆ ಕನ್ನಡ ಬಾರದು, ನಮಗೆ ಅವಳ ಮಾತು ಬಾರದು. ಅವಳು ಮೊದಲ ದಿನ ತನ್ನ ಊರಿನ ಮನೆಯ ಮುಂದಿನ ಕೊಳವನ್ನೂ ಅದರಲ್ಲಿನ ಬಾತುಕೋಳಿಗಳನ್ನೂ ಬರೆದು ಅಜ್ಜಿಗೆ ತೋರಿಸಿದಾಗ, ಅಜ್ಜಿ ಹಾಳೆಯ ಮೂಲೆಯಲ್ಲಿ ತಮ್ಮ ಕಡೆಯ ಎರಡು ಬಾತುಕೋಳಿ ಸೇರಿಸಿದರು. ಅವರಿಬ್ಬರ ಸ್ನೇಹ ಇವತ್ತಿಗೂ ಹಾಗೆಯೇ ನಡೆದುಕೊಂಡು ಬಂದಿದೆ.

ಮಳೆಗಾಲದಲ್ಲಿ ಚಿತ್ರ ಬರೆಯುವುದರ ಕಷ್ಟವನ್ನೂ ಈ ಜಗಲಿಯಲ್ಲೇ ಕಲಿತೆ. ಆಷಾಢದ ತೇವಕ್ಕೆ ಹಾಳೆ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ, ನೀರು ಬಣ್ಣ ಎರಡು ದಿನವಾದರೂ ಒಣಗುವುದಿಲ್ಲ. ಆದ್ದರಿಂದ ಮೇಣದ ಕ್ರೇಯಾನ್, ಆಯಿಲ್ ಪ್ಯಾಸ್ಟೆಲ್ ಮತ್ತು ಒಲೆಯ ಇದ್ದಿಲಿಗೆ ಬಂದೆವು. ಹಾಳೆಗಳನ್ನು ತಗಡಿನ ಟ್ರಂಕಿನಲ್ಲಿಟ್ಟು, ಮುಗಿದ ಚಿತ್ರಗಳನ್ನು ಹಿಂದಿನವರು ಮೀನು ಒಣಗಿಸಿದಂತೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುತ್ತೇವೆ. ಕುಸಿದ ಗುಡ್ಡದ ಕೆಮ್ಮಣ್ಣನ್ನು ಸೋಸಿ, ಗೋಂದು ಬೆರೆಸಿದರೆ ಅಂಗಡಿಯಲ್ಲಿ ಸಿಗದ ಕೆಂಪು ಬರುತ್ತದೆ. ಕಕ್ಕಡ ತಿಂಗಳ 18ರಂದು ಪಾಯಸಕ್ಕೆ ಹಾಕುವ ಆಟಿ ಸೊಪ್ಪನ್ನು, ಕೊಡವರು ಮದ್ದ್ ತೊಪ್ಪು ಎನ್ನುವುದನ್ನು, ಕುದಿಸಿದ ನೀರಿನ ಗಾಢ ನೇರಳೆಯಲ್ಲಿ ಮಕ್ಕಳು ಅದ್ದಿ ಬರೆದ ಮೋಡಗಳು ನನಗೆ ಬಹಳ ಇಷ್ಟ. ಆ ಬಣ್ಣ ನಿಲ್ಲುವುದಿಲ್ಲ, ಮಂಕಾಗುತ್ತದೆ. ಮಕ್ಕಳಿಗೆ ಅದರ ಚಿಂತೆಯಿಲ್ಲ, ಮುಂದಿನ ಬುಧವಾರ ಮತ್ತೆ ಬರೆಯುತ್ತಾರೆ.

ಜಗಲಿಯಲ್ಲಿ ಆಗುವುದು ಅರಿವು ಕೇಂದ್ರದಲ್ಲಿ ಏಕೆ ಆಗಬಾರದು? 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಡಿಗೆ ಬಂದ ಮೇಲೆ ಹಲವು ಕಡೆ ಕಟ್ಟಡ, ಮೇಜು, ಕುರ್ಚಿ, ದೀಪ, ಒಬ್ಬರು ಮೇಲ್ವಿಚಾರಕರು ಇದ್ದಾರೆ. ಓದುವ ಬೆಳಕು ಕಾರ್ಯಕ್ರಮದಿಂದ ಮಕ್ಕಳು ಅಲ್ಲಿಗೆ ಬರುವುದೂ ರೂಢಿಯಾಗಿದೆ. ಹೊಸ ಕಟ್ಟಡ ಬೇಡ. ಪ್ರತಿ ಕೇಂದ್ರಕ್ಕೆ ಒಂದು ತಗಡಿನ ಟ್ರಂಕು, ಅದರಲ್ಲಿ ಹಾಳೆ, ಕ್ರೇಯಾನ್, ಕತ್ತರಿ, ಗೋಂದು ಇದ್ದರೆ ಆರಂಭಿಸಬಹುದು. ಮೇಲ್ವಿಚಾರಕರ ಮೇಲೆ ಇನ್ನೊಂದು ಹೊರೆ ಹೇರಬಾರದು. ಅವರಿಗೆ ಕಲಿಸಲು ಹೇಳಬೇಡಿ; ಬಾಗಿಲು ತೆರೆದಿಟ್ಟರೆ ಸಾಕು.

ಖರ್ಚು ಮಾಡಲೇಬೇಕಾದ ಒಂದು ಕಡೆ ಇದೆ, ಅದನ್ನು ಸಂಕೋಚವಿಲ್ಲದೆ ಕೇಳುತ್ತೇನೆ. ಬಿದಿರು ಸೀಳಿ ಬುಟ್ಟಿ, ತಟ್ಟೆ ಹೆಣೆಯುವ ಮೇದರು, ಬೆಟ್ಟ ಕುರುಬರು, ದುಡಿಗೆ ಚರ್ಮ ಬಿಗಿಯಬಲ್ಲವರು, ಹಳೆಯ ಹಾಡು ಬಾಯಲ್ಲಿ ಇಟ್ಟುಕೊಂಡ ಅಜ್ಜ ಅಜ್ಜಿಯರು ಪ್ರತಿ ಹೋಬಳಿಯಲ್ಲೂ ಇನ್ನೂ ಇದ್ದಾರೆ. ಅವರನ್ನು ಆ ಮಧ್ಯಾಹ್ನಗಳಿಗೆ ಕರೆಯಿರಿ, ಅವರ ಒಂದು ದಿನದ ಕೂಲಿಗೆ ಕಡಿಮೆಯಾಗದ ಗೌರವಧನವನ್ನು ಕೊಡಿ, ಮತ್ತು ಅದನ್ನು ಅದೇ ತಿಂಗಳು ಕೊಡಿ. ಶಾಲು ಹಾರವನ್ನು ನಾವು ಅವರಿಗೆ ಧಾರಾಳವಾಗಿ ಹಾಕಿದ್ದೇವೆ, ಅವರ ಕೆಲಸಕ್ಕೆ ಕೂಲಿ ಕೊಟ್ಟದ್ದು ಕಡಿಮೆ. ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿ ಎರಡೂ ಮಡಿಕೇರಿಯಲ್ಲಿವೆ. ಯಾರು ಎಲ್ಲಿದ್ದಾರೆ ಎಂಬುದನ್ನು ಗುರುತಿಸಲು ಅವುಗಳ ನೆರವು ಪಡೆಯಬಹುದು.

ರಸ್ತೆ ಇಲ್ಲ, ಆನೆ ಹಾವಳಿ ನಿಂತಿಲ್ಲ, ಮನೆ ಕಳೆದುಕೊಂಡವರ ಅಹವಾಲು ಮುಗಿದಿಲ್ಲ, ಇದರ ನಡುವೆ ಚಿತ್ರ ಬರೆಯಲು ಜಾಗ ಕೇಳುವುದು ಸರಿಯೇ ಎಂದು ನನ್ನ ಸ್ವಂತ ತಮ್ಮನೇ ಕೇಳಿದ್ದಾನೆ. ಅವನ ಗದ್ದೆಗೆ ಎರಡು ಸಲ ಆನೆ ನುಗ್ಗಿದೆ, ಆದ್ದರಿಂದ ಆ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ರಸ್ತೆಯ ಹಣವನ್ನು ಇತ್ತ ತಿರುಗಿಸಿ ಎಂದು ನಾನು ಕೇಳುತ್ತಿಲ್ಲ. ಆದರೆ ದಸರೆಯಲ್ಲಿ ಹತ್ತು ಮಂಟಪಗಳು ಒಂದು ರಾತ್ರಿ ಮಡಿಕೇರಿಯ ಬೀದಿಯಲ್ಲಿ ಹೊಳೆಯುವುದಕ್ಕೆ ಈ ಊರಿನ ಹುಡುಗರು ವಾರಗಟ್ಟಲೆ ನಿದ್ದೆಗೆಟ್ಟು ದುಡಿಯುವುದನ್ನು ನೋಡಿದವರಿಗೆ, ಕೈಯಿಂದ ಏನನ್ನಾದರೂ ಮಾಡುವ ಹಸಿವು ಇಲ್ಲಿ ಎಷ್ಟಿದೆ ಎಂಬುದು ಗೊತ್ತಿರುತ್ತದೆ. ಆ ಹಸಿವು ಹೆಣ್ಣುಮಕ್ಕಳಿಗೂ ಇದೆ, ವೃದ್ಧರಿಗೂ ಇದೆ, ಲೈನ್ ಮನೆಯವರಿಗೂ ಇದೆ, ದಸರೆ ಇಲ್ಲದ ತಿಂಗಳುಗಳಲ್ಲೂ ಇದೆ.

ಇನ್ನೊಂದು ಬೇಡಿಕೆ ಉಳಿದಿದೆ, ಅದು ತುರ್ತಿನದು. ಮಳೆಗಾಲಕ್ಕೆ ಮುನ್ನ ತಾವು ಕಾಳಜಿ ಕೇಂದ್ರಗಳಿಗಾಗಿ, ಅಂದರೆ ಪರಿಹಾರ ಕೇಂದ್ರಗಳಿಗಾಗಿ, ಸಾಮಗ್ರಿಗಳ ಪಟ್ಟಿ ಮಾಡುವಾಗ ಕಂಬಳಿ, ಚಾಪೆ, ಹಾಲಿನ ಪುಡಿ, ಸ್ಯಾನಿಟರಿ ಪ್ಯಾಡ್‌ಗಳ ಜೊತೆಗೆ ಡ್ರಾಯಿಂಗ್ ಹಾಳೆ ಮತ್ತು ಕ್ರೇಯಾನ್‌ಗಳನ್ನೂ ಸೇರಿಸಿ; ಮಕ್ಕಳಿಗೆ ಎಂದು ಮಾತ್ರ ಬರೆಯಬೇಡಿ, ಎಲ್ಲರಿಗೂ ಎಂದು ಬರೆಯಿರಿ. ಅವರು ಬರೆದದ್ದನ್ನು ಫೋಟೊ ತೆಗೆದು ಪತ್ರಿಕೆಗೆ ಕಳುಹಿಸಬೇಡಿ ಎಂಬುದನ್ನೂ ಸುತ್ತೋಲೆಯಲ್ಲಿ ಸೇರಿಸಿದರೆ ಉಪಕಾರವಾಗುತ್ತದೆ. ಒಬ್ಬ ಮಗು ತನ್ನ ಮನೆ ಕುಸಿದದ್ದನ್ನು ಬರೆದರೆ ಆ ಹಾಳೆ ಆ ಮಗುವಿನದು.

ಹೋದ ವರ್ಷ, 2018ರ ಸಂತ್ರಸ್ತರಿಗೆ ಕಟ್ಟಿಕೊಟ್ಟ ಮನೆಗಳ ಸಾಲಿನಲ್ಲಿ ಆ ಹಿರಿಯರನ್ನು ನೋಡಿ ಬಂದೆ. ಮನೆಗಳೆಲ್ಲ ಒಂದೇ ಅಳತೆ, ಒಂದೇ ನಮೂನೆ. ಅವರ ಮನೆಯನ್ನು ಹೊರಗಿನಿಂದ ಗುರುತಿಸಿದ್ದು ಬಾಗಿಲ ಪಕ್ಕ ಗೋಡೆಯ ಮೇಲೆ ಕೆಮ್ಮಣ್ಣಿನಿಂದ ಬರೆದ ಹಲಸಿನ ಮರದಿಂದ. ಒಳಗೆ, ಆ ಹಳೆಯ ಹಾಳೆಗೆ ಕಟ್ಟು ಹಾಕಿಸಿ ದೇವರ ಪಟಗಳ ಕೆಳಗೆ ತೂಗುಹಾಕಿದ್ದರು. ಮಡಿಕೆಗಳು ಹರಿದಿದ್ದವು, ಅಂಚಿಗೆ ಬೂಸ್ಟು ಬಂದಿತ್ತು. ಅವರ ಮೊಮ್ಮಗಳು, ಆ ತೋಟವನ್ನು ಎಂದೂ ನೋಡದವಳು, ಬೆರಳಿಟ್ಟು ತೋರಿಸುತ್ತಾ ಇದು ಕಣ, ಇದು ಬಾವಿ, ಈ ಮರದ ಮೆಣಸು ನಮ್ಮ ಅಪ್ಪ ಹುಟ್ಟಿದ ವರ್ಷದ್ದು ಎಂದು ನನಗೆ ಹೇಳಿಕೊಟ್ಟಳು.

ತಾವು ಅಥವಾ ತಮ್ಮ ಕಚೇರಿಯವರು ಯಾವ ಬುಧವಾರ ಬೇಕಾದರೂ ಎರಡು ಗಂಟೆಗೆ ನಮ್ಮ ಜಗಲಿಗೆ ಬರಬಹುದು. ತಪಾಸಣೆಗೆಂದು ಬೇಡ, ಒಂದು ಗಂಟೆ ಬಿಡುವು ಮಾಡಿಕೊಂಡು ನಮ್ಮ ಜೊತೆ ಕುಳಿತು ಏನನ್ನಾದರೂ ಬರೆಯಲು ಬನ್ನಿ. ಹಾಳೆ ನಾವು ಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಚಿತ್ರಕಲಾ ಶಿಕ್ಷಕಿ
ಸುಂಟಿಕೊಪ್ಪ, ಕೊಡಗು